ಕರೆಂಟ್ ಇದ್ದಾಗನ ಜನರೇಟರ್ ತಾನ ಚಾಲೂ ಆಗ್ಲಿಕತ್ತದ, ಗೊತ್ತಿದ್ದವರು ದಯವಿಟ್ಟು ಹೇಳ್ರಿ

ಮಾಳಮಡ್ಡಿ ಅಂಗಳ:

ಎಲ್ಲಾರಿಗೂ ನಮಸ್ಕಾರ್ರಿ. ಧಾರವಾಡ ಮಾಳಮಡ್ಡಿಯಾಗ ಇರ್ತೀವಿ ನಾವು. ಮನ್ಯಾಗ 5 ಕೆವಿಎ ಡೀಸೆಲ್ ಜನರೇಟರ್ ಅದ, ಸಿಂಗಲ್ ಫೇಜ್, ಸೈಲೆಂಟ್ ಡಬ್ಬಿ ಇದ್ದದ್ದು, ಕರೆಂಟ್ ಹೋದ್ರ ತಾನ ಚಾಲೂ ಆಗ್ಲಿ ಅಂತ ಎಎಂಎಫ್ ಪ್ಯಾನೆಲ್ ಸೈತ ಹಾಕಿಸೀವಿ. ನಮ್ಮ ಮಾವನವರಿಗೆ ದಮ್ಮಿನ ಜಡ್ಡು ಅದ, ರಾತ್ರಿ ಎಲ್ಲಾ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಾಗಿಂದ ಆಕ್ಸಿಜನ್ ತಗದು ಕೊಡೋ ಮಶಿನ್) ಮ್ಯಾಲ ಇರ್ತಾರ, ಅದಕ್ಕಂತನ ತಗೊಂಡದ್ದು, ಇಲ್ಲಾಂದ್ರ ಅಷ್ಟು ರೊಕ್ಕ ಹಾಕೋ ಮಂದಿ ಅಲ್ಲ ನಾವು.

ದೀಪಾವಳಿ ಮುಗಿದ ಮ್ಯಾಲ ಜನರೇಟರ್ ಬ್ಯಾಟರಿ ಹೊಸಾದು ಹಾಕಿಸಿದ್ವಿ. ಅವತ್ತಿಂದ ಇದರ ಕಾಟ ಶುರು ಆಗೇದ. ಮನ್ಯಾಗ ಕರೆಂಟ್ ಛಲೋ ಇರ್ತದ, ಫ್ಯಾನ್ ತಿರಗ್ತಿರ್ತದ, ಮೀಟರ್ ಲೈಟ್ ಉರೀತಿರ್ತದ, ಹಂತಾದ್ರಾಗ ಹಿತ್ತಲದಾಗ ಇದು ಗುರ್ರ್ ಅಂತ ಏಳ್ತದ. ಒಮ್ಮೆ ನಡುರಾತ್ರಿ 2 ಕ್ಕ, ಒಮ್ಮೆ ಮುಂಜಾನೆ 6 ರ ಸುಮಾರು ನಾ ಒಲಿ ಮುಂದ ಇರ್ತೀನಿ ಆವಾಗ. ಮಾವನವರು ಹೌಹಾರಿ ಎದ್ದು ಕೂಡ್ತಾರ, ಕರೆಂಟ್ ಹೋತೇನವಾ, ಮಶಿನ್ ನಿಂತದೇನು ಅಂತ ಕೇಳ್ತಾರ, ಆಮ್ಯಾಲ ಅವರಿಗೆ ನಿದ್ದಿನ ಬರಂಗಿಲ್ಲ. ನಮ್ಮ ಮನೆಯವರು ಪುಣೆದಾಗ ಇರ್ತಾರ, ಹದಿನೈದು ದಿನಕ್ಕೊಮ್ಮೆ ಬರ್ತಾರ, ಹಿಂಗಾಗಿ ಎಲ್ಲಾ ನಾನ ನೋಡಬೇಕು.

ಮೆಕ್ಯಾನಿಕ್ ಎರಡು ಸಲ ಬಂದು ಹೋದ್ರು. ಅವರು ಬಂದಾಗ ಅದು ಸುಮ್ನ ಕೂತಿರ್ತದ. ಮೊದಲನೇ ಸಲ ಏನೂ ಇಲ್ಲ ಅಂದ್ರು, ಎರಡನೇ ಸಲ ಕಂಟ್ರೋಲರ್ ಬೋರ್ಡ್ ಹೋಗೇದ, ಬದಲಿ ಮಾಡಬೇಕು, 18 ಸಾವಿರ ಆಗ್ತದ ಅಂದ್ರು. ಬ್ಯಾಡ ಅಂದ್ರ ಆಟೋ ತಗದು ಕೈಲೆ ಚಾಲೂ ಮಾಡೋ ಹಂಗ ಮಾಡಿ ಕೊಡ್ತೀನಿ ಅಂತಾರ. ರಾತ್ರಿ ನನಗ ಎಚ್ಚರ ಆಗಲಿಲ್ಲಾಂದ್ರ ಏನ್ ಗತಿ? ಬೋರ್ಡ್ ಬದಲಿ ಮಾಡೂಕಿಂತ ಮೊದಲ ಇಲ್ಲಿ ಕೇಳೋಣು ಅಂತ ಬರದೀನಿ. ತಾರೀಖು ಎಲ್ಲಾ ಕ್ಯಾಲೆಂಡರದಾಗ ಪೆನ್ನಿಲೆ ಬರದು ಇಟ್ಟೀನಿ, ಬೇಕಂದ್ರ ಹಾಕ್ತೀನಿ.

ಗೋಕುಲ ರೋಡ್ ಹುಬ್ಬಳ್ಳಿ:

ಅಕ್ಕಾರ ಬೋರ್ಡ್ ಬದಲಿ ಮಾಡಬ್ಯಾಡ್ರಿ. ವೋಲ್ಟೇಜ್ ಡಿಮ್ ಆದ್ರ ಎಎಂಎಫ್ ಚಾಲೂ ಮಾಡ್ತೈತಿ ಅಷ್ಟ. ಸೆಟ್ಟಿಂಗಿನಾಗ ಲೋ ವೋಲ್ಟೇಜ್ ಲಿಮಿಟ್ 160 ಕ್ಕ ಇಳಸ್ರಿ, ಡಿಲೇ 30 ಸೆಕೆಂಡ್ ಇಡ್ರಿ, ಮುಗೀತು. ನಮ್ಮ ವರ್ಕ್‌ಶಾಪಿನಾಗ ಹಂಗ ಮಾಡೀವಿ, ಎರಡು ವರ್ಷ ಆತು ಏನೂ ತ್ರಾಸ ಇಲ್ಲ.

ಬ್ಯಾಡಗಿ ಕೋಲ್ಡ್ ಸ್ಟೋರ್:

ಗೋಕುಲ ರೋಡ್ ಅಣ್ಣಾರ, ಜರಾ ತಡೀರಿ, ಅದು ವರ್ಕ್‌ಶಾಪ್, ಇದು ಹಿರ್ಯಾರು ಉಸುರಿನ ಮಶಿನ್ ಹಚ್ಚಿಕೊಂಡು ಮಲಗೋ ಮನಿ.

ಅಕ್ಕಾರ, ನಾ ಬ್ಯಾಡಗಿಯಾಗ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಾಗ ಡಿಜಿ, ಅಂದ್ರ ಡೀಸೆಲ್ ಜನರೇಟರ್, ನೋಡ್ಕೊಳ್ಳಾವ, ಹನ್ನೆರಡು ವರ್ಷ ಆತು. ನಮ್ಮಲ್ಲಿ ಡಿಜಿ ಚಾಲೂ ಆಗದಿದ್ರೂ ಫೋನ್ ಬರ್ತೈತಿ, ಸುಮ್ನ ಚಾಲೂ ಆದ್ರೂ ಫೋನ್ ಬರ್ತೈತಿ, ಹಿಂಗಾಗಿ ಈ ಜಡ್ಡು ಭಾಳ ಸಲ ನೋಡೀನಿ. ಡಿಜಿ ಅನ್ನೋದು ತಾನ ತಿಳಕೊಂಡು ಯಾವತ್ತೂ ಚಾಲೂ ಆಗಂಗಿಲ್ರಿ, ಯಾರೋ ಅದಕ್ಕ ಹೇಳಿರ್ತಾರ. ಹೇಳಾವ್ರು ಯಾರು ಅಂತ ಹುಡುಕಬೇಕು, ಬೋರ್ಡ್ ಎಲ್ಲಾ ಆದ ಮ್ಯಾಲ ಕಡೀಕ.

ಅದಕ್ಕ ನಿಮಗ ಒಂದ ಪ್ರಶ್ನೆ. ಚಾಲೂ ಆದಾಗ ಬರೇ ಇಂಜಿನ್ ಅಷ್ಟ ಓಡ್ತೈತೋ, ಇಲ್ಲಾ ಮನಿ ಲೋಡ್ (ಲೈಟ್, ಫ್ಯಾನ್, ಮಶಿನ್ ಎಲ್ಲಾದರ ಭಾರ) ಸೈತ ಅದರ ಮ್ಯಾಲ ಹೋಗ್ತೈತೋ? ಲೋಡ್ ಹೋಗೋ ಮುಂದ ಪ್ಯಾನೆಲ್‌ದಾಗ ಕಾಂಟ್ಯಾಕ್ಟರ್ (ಲೋಡ್ ಅತ್ಲಾಗ ಇತ್ಲಾಗ ಮಾಡೋ ಸ್ವಿಚ್) ಟಪ್ ಅಂತ ಸಪ್ಪಳ ಮಾಡ್ತೈತಿ, ಮನ್ಯಾಗ ಲೈಟ್ ಒಂದ್ಸಲ ಮಿಣಕ್ ಅಂತಾವ. ಅದನ್ನ ನೋಡ್ರಿ. ಲೋಡ್ ಹೋಗದ ಬರೇ ಇಂಜಿನ್ ಓಡಿ ನಿಂತ್ರ ಕರೆಂಟಿಗೂ ಅದಕ್ಕೂ ಸಂಬಂಧ ಇರಂಗಿಲ್ಲ, ವಾರಕ್ಕೊಮ್ಮೆ ತಾನ ಓಡಿ ನೋಡ್ಕೊಳ್ಳೋ ಟೆಸ್ಟ್ ಟೈಮರ್ ಇರಬಹುದು, ಇಲ್ಲಾ ಬ್ಯಾಟರಿ ಇಳದೈತಿ ಅಂತ ಚಾರ್ಜ್ ಮಾಡ್ಕೊಳ್ಳಾಕ ಏಳಬಹುದು, ಕೆಲವು ಕಂಟ್ರೋಲರದಾಗ ಹಂಗೂ ಇರ್ತೈತಿ, ಇಲ್ಲಾ ರಿಮೋಟ್ ಸ್ಟಾರ್ಟ್ ಅಂತ ಎರಡು ವಯರ್ ಇರ್ತಾವ ಅವು ಎಲ್ಲೋ ಒಂದಕ್ಕೊಂದು ತಾಗ್ತಿರಬಹುದು. ಲೋಡ್ ಸೈತ ಹೋತಂದ್ರ ಮಾತ ಬ್ಯಾರೆ, ಪ್ಯಾನೆಲ್‌ಗೆ ಖರೇನ ಕರೆಂಟ್ ಇಲ್ಲ ಅಂತ ಅನಸೇತಿ. ಒಳಗ ಕರೆಂಟ್ ನೋಡಾಕ ಎರಡು ಸಣ್ಣ ವಯರ್, ಅದಕ್ಕೊಂದು ಗಾಜಿನ ಫ್ಯೂಜ್ ಇರ್ತೈತಿ. ನಮ್ಮಲ್ಲಿ ಒಮ್ಮೆ ಇಲಿ ಆ ವಯರ್ ಕಡದಿತ್ತು, ಇನ್ನೊಮ್ಮೆ ರಿಲೇ ಸಂದ್ಯಾಗ ಕೆಂಪಿರಬಿ ಗೂಡು ಕಟ್ಟಿದ್ವು. ಆದ್ರ ಫ್ಯೂಜ್ ಪೂರ್ತಿ ಹೋಗಿದ್ರ ಡಿಜಿ ನಿಲ್ಲಂಗೇ ಇಲ್ಲ, ಡೀಸೆಲ್ ತೀರೂ ತನಾ ಓಡ್ತೈತಿ. ನಿಮ್ಮದು ನಿಲ್ತೈತಲ್ಲ, ಎಷ್ಟೊತ್ತಿಗೆ ನಿಲ್ತೈತಿ ಅದನ್ನೂ ಬರೀರಿ.

ಇನ್ನೊಂದು ಮಾತ, ಇದನ್ನ ಮಾತ್ರ ಮರೀಬ್ಯಾಡ್ರಿ. ಸ್ವಿಚ್ ಆಟೋದಾಗ ಇದ್ದಾಗ ಡಬ್ಬಿ ಬಾಗಲಾ ತಗದು ಯಾರೂ ಕೈ ಹಾಕಬಾರದು. ನಮ್ಮ ಹುಡುಗ ಒಬ್ಬಾವ ಬೆಲ್ಟ್ ಬಿಗಿ ಮಾಡಾಕತ್ತಿದ್ದ, ಪಾನಾ ಕೈ ಜಾರಿ ಕೆಳಗ ಬಿತ್ತು, ಅದನ್ನ ಎತ್ತಾಕ ಅಂತ ಬಗ್ಗಿದ, ಅದ ಹೊತ್ತಿಗೆ ಕರೆಂಟ್ ಹೋಗಿ ಡಿಜಿ ಎದ್ದ ಬಿಡ್ತು. ಆ ಪಾನಾ ಬೀಳದಿದ್ರ ಅವನ ಬೆರಳ ಇರ್ತಿರಲಿಲ್ಲ. ಆಟೋದಾಗ ಬಿಟ್ಟದ್ದು ನಂದ ತಪ್ಪು. ಅವತ್ತಿಂದ ಮೊದಲ ಆಫ್, ಆಮ್ಯಾಲ ಬ್ಯಾಟರಿ ನೆಗೆಟಿವ್ ಬಿಚ್ಚೋದು, ಆಮ್ಯಾಲ ಪಾನಾ ಹಿಡಿಯೋದು.

ಮಾಳಮಡ್ಡಿ ಅಂಗಳ:

ಅಣ್ಣಾರ ಭಾಳ ಉಪಕಾರ ಆತ್ರಿ, ಇಷ್ಟು ಬಿಡಿಸಿ ಯಾರೂ ಹೇಳಿದ್ದಿಲ್ಲ. ನೀವು ಹೇಳಿದ ಮ್ಯಾಲ ಕ್ಯಾಲೆಂಡರ್ ಮುಂದ ಇಟ್ಕೊಂಡು ನೋಡಿದೆ, ಎರಡು ತರಹ ಅದಾವ ಇವು, ನಾ ಎಲ್ಲಾ ಒಂದ ಅಂತ ತಿಳ್ಕೊಂಡಿದ್ದೆ.

ರಾತ್ರಿದು ನವೆಂಬರ್ 5, 12, 19, 26. ನಾಲ್ಕೂ ಬುಧವಾರ. ರಾತ್ರಿ 2 ಕ್ಕ ಬರೋಬ್ಬರಿ ಚಾಲೂ, 12 ನಿಮಿಷಕ್ಕ ಬಂದ್. ಲೈಟ್ ಮಿಣಕ್ ಅನ್ನಂಗಿಲ್ಲ, ಕಾನ್ಸಂಟ್ರೇಟರ್ ಏನೂ ಕೂಗಂಗಿಲ್ಲ.

ಮುಂಜಾನೆದು 3, 11, 19, 27. ಇದಕ್ಕ ಲೈಟ್ ಮಿಣಕ್ ಅಂತಾವ, ಟಪ್ ಅಂತನೂ ಕೇಳ್ತದ, ಕಾನ್ಸಂಟ್ರೇಟರ್ ಪೀಂ ಅಂತ ಕೂಗಿ ಮತ್ತ ಚಾಲೂ ಆಗ್ತದ. ಐದಾರು ನಿಮಿಷ ಓಡಿ ನಿಲ್ತದ, ನಿಂತು ಇನ್ನ ನಾ ಉಸ್ ಅನ್ನೂದ್ರಾಗ ಎರಡು ನಿಮಿಷಕ್ಕ ಮತ್ತ ಏಳ್ತದ. 19 ಕ್ಕ ಹಿಂಗ ನಾಲ್ಕು ಸಲ ಆತು, ರಾತ್ರಿ ಒಮ್ಮೆ ಎದ್ದಿತ್ತು, ಮುಂಜಾನೆ ನಾಲ್ಕು ಸಲ, ಅವತ್ತ ನಾ ಅತ್ತ ಬಿಟ್ಟೆ ಖರೇ ಹೇಳ್ಬೇಕಂದ್ರ.

ನವನಗರ ಐಟಿಐ ಮಾಸ್ತರ:

ತಂಗೀ, ತಾರೀಖು ಬರದಿಟ್ಟೀಯಲ್ಲ, ಅರ್ಧಾ ಕೆಲಸ ನೀನ ಮಾಡಿ ಮುಗಿಸೀದಿ. ನಾ ಐಟಿಐದಾಗ ಎಲೆಕ್ಟ್ರಿಷಿಯನ್ ಟ್ರೇಡ್ ಕಲಸ್ತಿದ್ದೆ, ಈಗ ರಿಟೈರ್ ಆಗೇನಿ.

ಬುಧವಾರದ್ದು ಟೆಸ್ಟ್ ರನ್, ಅದ್ರಾಗ ಅನುಮಾನ ಇಲ್ಲ. ವಾರ ಅದ, ಹೊತ್ತು ಅದ, ನಿಮಿಷ ಅದ, ಲೋಡ್ ಹೋಗಂಗಿಲ್ಲ. ಮೊದಲೂ ಇದು ಮಧ್ಯಾಹ್ನ 2 ಕ್ಕ ಓಡ್ತಿತ್ತು ಅಂತ ಕಾಣ್ತೈತಿ, ನೀ ಮನ್ಯಾಗ ಇರದ ಹೊತ್ತು ಇರಬೇಕು. ಬ್ಯಾಟರಿ ಬದಲಿ ಮಾಡೋ ಮುಂದ ಕಂಟ್ರೋಲರ್ ಗಡಿಯಾರ ಅಳಿಸಿ ಹೋಗೇತಿ, ಮತ್ತ ಸೆಟ್ ಮಾಡೋ ಮುಂದ 14 ಗಂಟೆ ಅಂತ ಇಡೂ ಜಾಗಾದಾಗ 2 ಅಂತ ಇಟ್ಟಾರ. ಮನ್ಯಾಗ ಯಾರಿಗರ ಕೇಳಿ ನೋಡು. ಇದಕ್ಕ ಐದು ಪೈಸೆ ಖರ್ಚಿಲ್ಲ.

ಈಗ ಮುಂಜಾನೆದು. 3, 11, 19, 27. ಎಂಟೆಂಟು ದಿನದ ಅಂತರ. ನಿಮ್ಮ ಓಣ್ಯಾಗ ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರ? ನಾ ಹುಬ್ಬಳ್ಳಿಯಾಗ ಕೂತು ಹೇಳ್ತೀನಿ, ಅವು ನೀರು ಬರೋ ದಿನ. ನೀರು ಬಂದ ಕೂಡ್ಲೆ ಓಣಿ ತುಂಬಾ ಎಲ್ಲಾರೂ ಮೋಟರ್ ಹಚ್ತಾರ, ಅದ ಹೊತ್ತಿಗೆ ಗೀಸರ್ ಹತ್ತಿರ್ತಾವ, ಲೈನ್ ವೋಲ್ಟೇಜ್ ಕುಸೀತೈತಿ. 230 ಇರಬೇಕಾದದ್ದು, ನಿಯಮದ ಪ್ರಕಾರ 6 ಪರ್ಸೆಂಟ್ ಹೆಚ್ಚು ಕಡಿಮಿ ನಡೀತೈತಿ, ಅಂದ್ರ 216 ರ ಕೆಳಗ ಬರಬಾರದು, ನೀರಿನ ದಿನ ಬಂದಿರ್ತೈತಿ.

ಆದ್ರ ಇಷ್ಟಕ್ಕ ಮುಗೀಲಿಲ್ಲ. ನನ್ನ ತಲ್ಯಾಗ ಕೊರಿಯೋದು ಬ್ಯಾರೆ. ನಿಂತು ಎರಡು ನಿಮಿಷಕ್ಕ ಮತ್ತ ಚಾಲೂ ಆಗ್ತೈತಿ ಅಂದಿ ನೋಡು, ಅದು. ಜನರೇಟರ್ ಚಾಲೂ ಆಗಿ ಮನಿ ಲೋಡ್ ತನ್ನ ಮ್ಯಾಲ ತಗೊಂಡ ಕೂಡ್ಲೆ ಲೈನ್ ಮ್ಯಾಲ ನಿಮ್ಮನಿ ಭಾರ ಇಲ್ಲ, ಪ್ಯಾನೆಲ್ ನೋಡ್ತೈತಿ, ಓ ವೋಲ್ಟೇಜ್ ಸುಧಾರಿಸ್ತು ಅಂತ, ಐದು ನಿಮಿಷ ಕಾದು ವಾಪಸ್ ಲೈನಿಗೆ ಹಾಕ್ತೈತಿ. ಹಾಕಿದ ಕೂಡ್ಲೆ ಮತ್ತ ಕುಸೀತೈತಿ, ಮತ್ತ ಚಾಲೂ. ಅಂದ್ರ ಕುಸಿಯೋದ್ರಾಗ ಓಣಿ ಪಾಲು ಒಂದಿಷ್ಟು, ನಿಮ್ಮನಿ ಲೋಡಿನ ಪಾಲೂ ಒಂದಿಷ್ಟು. ಒಂದು ಗೀಸರ್ ಒಂದು ಮೋಟರಿಗೆ ಅಷ್ಟು ಕುಸೀಬಾರದು. ಕಂಬದಿಂದ ಪ್ಯಾನೆಲ್ ತನಾ ಎಲ್ಲೋ ಒಂದು ಜೋಡಣಿ ಸಡಿಲ ಆಗೇತಿ, ನನ್ನ ಲೆಕ್ಕದಾಗ ನ್ಯೂಟ್ರಲ್, ಅಂದ್ರ ಕರೆಂಟ್ ವಾಪಸ್ ಹೋಗೋ ವಯರ್.

ಲೆಕ್ಕ ಹೇಳ್ತೀನಿ ನೋಡು. 2 ಕಿಲೋವ್ಯಾಟ್ ಗೀಸರ್ 9 ಆಂಪಿಯರ್ ಸುಮಾರು, ಒಂದು ಎಚ್‌ಪಿ ಮೋಟರ್ 6 ಹಿಡಿ, 15 ಆಂಪಿಯರ್ ಆತು. ಸಡಿಲ ಸ್ಕ್ರೂದಾಗ ಒಂದ ಓಮ್ ರೆಸಿಸ್ಟನ್ಸ್ ಇದ್ರೂ 15 ವೋಲ್ಟ್ ಅಲ್ಲೇ ಉಳೀತೈತಿ. 15 ವೋಲ್ಟ್ 15 ಆಂಪಿಯರ್, 225 ವ್ಯಾಟ್ ಬಿಸಿ, ಒಂದ ಸ್ಕ್ರೂ ಮ್ಯಾಲ. ನಮ್ಮ ಹಳೆ ನೂರು ವ್ಯಾಟಿನ ಬಲ್ಬ್ ಹತ್ತಿದ್ದಾಗ ಕೈಲೆ ಮುಟ್ಟಾಕ ಆಗ್ತಿರಲಿಲ್ಲ, ಹಂತಾವು ಎರಡು ಬಲ್ಬಿನ ಬಿಸಿ ನಿಮ್ಮ ಮೇನ್ ಸ್ವಿಚ್ಚಿನ ಡಬ್ಬಿಯಾಗ ಬಾಗಲಾ ಹಾಕ್ಕೊಂಡು ಕೂತಂಗ. ಅದಕ್ಕ ಆ ಲಿಮಿಟ್ 160 ಕ್ಕ ಇಳಿಸೋದು ನನಗ ಒಪ್ಪಿಗಿ ಇಲ್ಲ. ಇಳಿಸಿದ್ರ ಜನರೇಟರ್ ಸುಮ್ನಾಗ್ತೈತಿ, ಆ ಸ್ಕ್ರೂ ಸುಡೋದು ನಿಲ್ಲಂಗಿಲ್ಲ. 160 ವೋಲ್ಟಿನ್ಯಾಗ ಕಾನ್ಸಂಟ್ರೇಟರ್ ಕಂಪ್ರೆಸರ್ರೂ ಬಿಸಿ ಆಗ್ತೈತಿ.

ಈಗ ನೀ ಮಾಡಬೇಕಾದದ್ದು: ಲೈಸೆನ್ಸ್ ಇದ್ದ ಎಲೆಕ್ಟ್ರಿಷಿಯನ್‌ನ ಕರಸು, ನೀ ಡಬ್ಬಿ ತಗೀಬ್ಯಾಡ. ಗೀಸರ್, ಮೋಟರ್ ಎರಡೂ ಹಚ್ಚಿ ಮೀಟರ್ ಹತ್ರ ಎಷ್ಟು ವೋಲ್ಟ್, ಪ್ಯಾನೆಲ್ ಹತ್ರ ಎಷ್ಟು ವೋಲ್ಟ್, ಎರಡೂ ಕಡೆ ಅಳೀಲಿ. ಎರಡರ ನಡುವ ಒಂದೆರಡು ವೋಲ್ಟ್ ಫರಕ್ ಇದ್ರ ಇರಲಿ, ಹತ್ತು ಹನ್ನೆರಡು ಬಂತಂದ್ರ ನಡುವ ಎಲ್ಲಾ ಜೋಡಣಿ ಬಿಚ್ಚಿ ನೋಡ್ಬೇಕು. ಬಿಚ್ಚೋಕಿಂತ ಮೊದಲ ಜನರೇಟರ್ ಆಫ್, ಬ್ಯಾಟರಿ ನೆಗೆಟಿವ್ ತಗೀಬೇಕು. ಅಂವ ಮೇನ್ ಬಂದ್ ಮಾಡಿದ ಕೂಡ್ಲೆ ನಿಮ್ಮ ಎಎಂಎಫ್‌ಗೆ ಕರೆಂಟ್ ಹೋತು ಅಂತನ ಅನಸ್ತೈತಿ, ಮೂರು ಸೆಕೆಂಡಿನಾಗ ಜನರೇಟರ್ ಎದ್ದು ಅಂವ ಕೈ ಇಟ್ಟ ವಯರಿಗೆ ಕರೆಂಟ್ ಕೊಡಬಹುದು. ಬ್ಯಾಡಗಿಯವರು ಹೇಳಿದ್ದು ನೂರಕ್ಕ ನೂರು ಖರೆ.

ಬೆಟಗೇರಿ ಸೋಲಾರ್:

ಮಾಸ್ತರ ಎಲ್ಲಾ ಹೇಳ್ಯಾರ, ನಂದು ಒಂದ ಅನುಭವ ಸೇರಸ್ತೀನಿ, ಮುಂದ ಯಾರಿಗರ ಬೇಕಾದೀತು. ನಮ್ಮನ್ಯಾಗ ಸೋಲಾರ್ ಹೈಬ್ರಿಡ್ ಇನ್ವರ್ಟರ್ ಹಾಕ್ಸಿದ ಮ್ಯಾಲ ದಿನಾ ಸಂಜೀಕ 7 ರ ಮ್ಯಾಲ ಜನರೇಟರ್ ಏಳಾಕತ್ತು, ನಾವು ಎರಡು ತಿಂಗಳು ಜನರೇಟರಿನಾಗ ತಪ್ಪು ಹುಡುಕಿದ್ವಿ. ತಪ್ಪು ಇನ್ವರ್ಟರಿನಾಗ ಇತ್ತು, ಅದ್ರಾಗ ಡ್ರೈ ಕಾಂಟ್ಯಾಕ್ಟ್ ಅಂತ ಒಂದು ಇರ್ತೈತಿ, ಸೋಲಾರ್ ಬ್ಯಾಟರಿ ಇಷ್ಟಕ್ಕ ಇಳೀತು ಅಂದ್ರ ಜನರೇಟರ್‌ಗೆ ಏಳು ಅಂತ ಹೇಳೋ ಎರಡು ವಯರ್, ಫಿಟ್ ಮಾಡಿದವರು ಅದನ್ನ ರಿಮೋಟ್ ಸ್ಟಾರ್ಟಿಗೆ ಕೂಡಿಸಿ ಹೋಗಿದ್ರು, ನಮಗ ಹೇಳಿರಲಿಲ್ಲ. ನಮ್ಮ ಲಿಮಿಟ್ 50 ಪರ್ಸೆಂಟಿಗೆ ಇತ್ತು, ಸಂಜೀಕ ಟಿವಿ ಫ್ಯಾನ್ ಹಚ್ಚಿದ್ರ ಅಲ್ಲಿಗೆ ಬರೋದು. 20 ಕ್ಕ ಇಳಿಸಿದ್ವಿ, ನಿಂತ ಬಿಡ್ತು.

ಮತ್ತ ಅರ್ಥಿಂಗ್ ಒಂದ್ಸಲ ನೋಡಸ್ರಿ. ನಮ್ಮ ಗದಗ ಬೆಟಗೇರಿ ಕಡೆ ಎರಿ ಭೂಮಿ, ಬ್ಯಾಸಗ್ಯಾಗ ಬಿರಕ ಬಿಟ್ಟು ಅರ್ಥಿಂಗ್ ಪೈಪಿಗೂ ಮಣ್ಣಿಗೂ ಸಂಬಂಧನ ಇಲ್ಲದಂಗ ಆಗ್ತೈತಿ, ಕುಂಡ್ಯಾಗ ನೀರು ಹಾಕ್ತಿರಬೇಕು. ನಿಮ್ಮ ಕಡೆ ಮಣ್ಣು ಬ್ಯಾರೆ, ಆದ್ರೂ ಎಲೆಕ್ಟ್ರಿಷಿಯನ್ ಬಂದಾಗ ಅಳಸೋದು ಛಲೋ.

ವಿದ್ಯಾನಗರ ಸಿಸ್ಟರ್:

ಅಕ್ಕಾ, ನಾ ದವಾಖಾನಿಯಾಗ ನರ್ಸ್ ಅದೀನಿ, ವಯರಿಂದು ನನಗ ಗೊತ್ತಿಲ್ಲ, ನಿಮ್ಮ ಮಾವನೋರ ಬಗ್ಗೆ ಹೇಳಾಕ ಬಂದೀನಿ. ನೀವು ಜನರೇಟರ್ ಹಿತ್ತಲದಾಗ ಐತಿ ಅಂದ್ರಿ. ಮಾವನೋರು ಮಲಗೋ ಖೋಲಿ ಕಿಟಕಿ ಆ ಕಡೆ ಐತೇನ್ರಿ? ಇದ್ರ ಆ ಕಿಟಕಿ ರಾತ್ರಿ ತಗದಿರ್ತೀರೇನು? ಇಂಜಿನ್ ಹೊಗಿಯೊಳಗ ಕಾರ್ಬನ್ ಮೊನಾಕ್ಸೈಡ್ ಇರ್ತೈತಿ, ಅದಕ್ಕ ವಾಸನಿ ಇಲ್ಲ, ಬಣ್ಣ ಇಲ್ಲ, ಮಲಗಿದವರಿಗೆ ತಿಳಿಯಂಗೇ ಇಲ್ಲ. ರಕ್ತದಾಗ ಆಕ್ಸಿಜನ್ ಕೂಡೋ ಜಾಗಾದಾಗ ಅದು ಹೋಗಿ ಕೂಡ್ತೈತಿ. ಬೆರಳಿಗೆ ಹಚ್ಚೋ ಆಕ್ಸಿಮೀಟರ್ ನೋಡಿ ಎಲ್ಲಾ ಬರೋಬ್ಬರಿ ಐತಿ ಅಂತ ತಿಳ್ಕೋಬ್ಯಾಡ್ರಿ, ಅದಕ್ಕ ಎರಡರ ಫರಕ್ ಗೊತ್ತಾಗಂಗಿಲ್ಲ, 98 ಅಂತನ ತೋರಸ್ತಿರ್ತೈತಿ. ನಡುರಾತ್ರಿ ತಾನ ಏಳೋ ಜನರೇಟರ್ ಅಂದ ಕೂಡ್ಲೆ ನನಗ ಅದ ಹೆದರಿಕಿ ಆತು. ಹೊಗಿ ಪೈಪ್ ಕಿಟಕಿ ಬಾಗಲದಿಂದ 20 ಫೂಟರ ದೂರ ಇರಬೇಕು, ಇಲ್ಲಾಂದ್ರ ಪೈಪ್ ಎತ್ತರಿಸಿ ಗಾಳಿಗೆ ಬಿಡಸ್ರಿ.

ಇನ್ನ ಕಾನ್ಸಂಟ್ರೇಟರ್‌ನ ಬರೇ ಜನರೇಟರ್ ನಂಬಿ ಬಿಡಬ್ಯಾಡ್ರಿ. 5 ಲೀಟರ್ ಮಶಿನ್ ಇದ್ರ 300, 350 ವ್ಯಾಟ್ ಎಳೀತೈತಿ ಅಷ್ಟ, ಪ್ಯೂರ್ ಸೈನ್ ವೇವ್ ಇನ್ವರ್ಟರ್ (ಲೈನ್ ಕರೆಂಟಿನಂಗನ ಕರೆಂಟ್ ಕೊಡೋದು) ಮ್ಯಾಲ ಓಡ್ತೈತಿ. ಪಕ್ಕದಾಗ ಒಂದು ತುಂಬಿದ ಆಕ್ಸಿಜನ್ ಸಿಲಿಂಡರ್, ಅದಕ್ಕ ಹಚ್ಚೋ ಮೀಟರ್, ಪಾನಾ ಅಲ್ಲೇ ದಾರಕ್ಕ ಕಟ್ಟಿ ಇಡ್ರಿ. ಕತ್ತಲದಾಗ ಪಾನಾ ಹುಡುಕೋ ಮಂದೀನ ಭಾಳ ನೋಡೀನಿ.

ಗೋಕುಲ ರೋಡ್ ಹುಬ್ಬಳ್ಳಿ:

ಮಾಸ್ತರ, ನೀವು ಹೇಳಿದ್ದು ಓದಿ ನಮ್ಮ ವರ್ಕ್‌ಶಾಪಿನ ಮೇನ್ ಇವತ್ತ ತಗಸಿ ನೋಡಿದೆ. ಒಂದು ಫೇಜಿನ ಲಗ್ (ವಯರ್ ತುದಿಗೆ ಒತ್ತಿ ಹಾಕೋ ಲೋಹದ ಕೊಂಡಿ) ಕಪ್ಪಾಗಿತ್ತು. ಬದಲಿ ಮಾಡಸೀನಿ, ಲಿಮಿಟ್ಟೂ ಮೊದಲಿನಂಗ ಇಟ್ಟೀನಿ. ಅಕ್ಕಾರ, ನಾ ಹೇಳಿದ್ದು ಬಿಟ್ಟಬಿಡ್ರಿ.

ಮಾಳಮಡ್ಡಿ ಅಂಗಳ:

ಎಲ್ಲಾರಿಗೂ ಹೇಳ್ಲಿಕ್ಕೆ ಬಂದೀನಿ, ಜರಾ ತಡಾ ಆತು.

ಮಾಸ್ತರ, ನೀರಿನ ದಿನ ಅನ್ನೋದು ಓದಿದ ಕೂಡ್ಲೆ ನಾ ಎದ್ದು ಕ್ಯಾಲೆಂಡರ್ ಮತ್ತ ನೋಡಿದೆ, ನಾಲ್ಕೂ ದಿನ ನಾನ ಬಾಜೂಕ ಸಣ್ಣದಾಗಿ ನೀರು ಅಂತ ಬರದಿದ್ದೆ. ಕಣ್ಣ ಮುಂದ ಇತ್ತು, ಹೊಳದಿರಲಿಲ್ಲ. ಅಡಗಿಗೆ ಬರೋ ಅಕ್ಕನ್ನ ಕೇಳಿದೆ, ಮೊದಲ ಬುಧವಾರ ಮಧ್ಯಾಹ್ನ ಇದು ಸಪ್ಪಳ ಮಾಡ್ತಿತ್ತವಾ, ನಾ ಭಾಂಡೆ ತೊಳಿಯೋ ಹೊತ್ತಿಗೆ ಬರೋಬ್ಬರಿ, ಈಗೊಂದು ತಿಂಗಳಾತು ಇಲ್ಲ ಅಂದ್ಲು. ಅಲ್ಲಿಗೆ ಅದು ಮುಗೀತು. ಗಡಿಯಾರ ಸರಿ ಮಾಡಿಸಿ ಐತವಾರ ಮುಂಜಾನೆ 11 ಕ್ಕ ಇಡಸೀನಿ, ನಾ ಮನ್ಯಾಗ ಇರ್ತೀನಿ, ಕಿಟಕಿ ಹಾಕ್ಲಿಕ್ಕೂ ಆಗ್ತದ, ಏನರ ಬ್ಯಾರೆ ಸಪ್ಪಳ ಬಂದ್ರ ಕೇಳಸ್ತದ.

ಎಲೆಕ್ಟ್ರಿಷಿಯನ್ 2 ನೇ ತಾರೀಖು ಬಂದ್ರು. ವಯಸ್ಸಾದವರು, ಸಮಾಧಾನದ ಮನಿಷಾ. ಮೊದಲ ಜನರೇಟರ್ ಆಫ್ ಮಾಡ್ರಿ ಅಂತ ಅವರ ಹೇಳಿದ್ರು, ನಾ ಹೇಳೋದ ಬಂದಿಲ್ಲ, ಅದಕ್ಕ ಧೈರ್ಯ ಆತು ನನಗ. ಅವತ್ತ ನೀರಿನ ದಿನ ಅಲ್ಲ, ಆದ್ರೂ ಗೀಸರ್, ಮೋಟರ್ ಹಚ್ಚಿ ಅಳದ್ರು. ಮೀಟರ್ ಹತ್ರ 224, ಪ್ಯಾನೆಲ್ ಹತ್ರ 211. 13 ವೋಲ್ಟ್ ನಡುವನ ಮಾಯ. ಪ್ಯಾನೆಲ್ ಸೆಟ್ಟಿಂಗ್ 195 ಕ್ಕ ಚಾಲೂ ಅಂತ ಇತ್ತಂತ, ಅಂದ್ರ ನೀರಿನ ದಿನ ಲೈನ್ 206, 207 ಕ್ಕ ಬಂದ್ರ ಸಾಕು, ಪ್ಯಾನೆಲ್‌ಗೆ 193 ಕಾಣಸ್ತದ, ಅದು ಏಳ್ತದ.

ಎಲ್ಲಾ ಬಂದ್ ಮಾಡಿ ಮೇನ್ ಸ್ವಿಚ್ ಡಬ್ಬಿ ತಗದ್ರು. ನನಗ ಟಾರ್ಚ್ ಹಿಡೀಲಿಕ್ಕೆ ಹೇಳಿದ್ರು, ದೂರ ನಿಂತು ಹಿಡದೆ. ನ್ಯೂಟ್ರಲ್ ಪಟ್ಟಿ ಮ್ಯಾಲ ಸಾಲಾಗಿ ಸ್ಕ್ರೂ ಇದ್ವು, ಎಲ್ಲಾ ಹಳದಿ ಹಿತ್ತಾಳಿ ಬಣ್ಣ, ಒಂದ ಸ್ಕ್ರೂ ಮಾತ್ರ ನೇರಳಿಕಾಯಿ ಹಂಗ ಕಪ್ಪು ನೀಲಿ ಆಗಿತ್ತು. ಅದಕ್ಕ ಬಂದ ಕರಿ ವಯರಿನ ಪ್ಲಾಸ್ಟಿಕ್ ಒಂದು ಬೆರಳಷ್ಟು ಉದ್ದ ಕರಗಿ ಮತ್ತ ಗಟ್ಟಿಯಾಗಿ ಗುಳ್ಳಿ ಎದ್ದಿತ್ತು. ಅವರು ಟೆಸ್ಟರ್ ಹಚ್ಚಿ ನೋಡಿ, ಕರೆಂಟ್ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಬೆರಳಿಲೆ ತಿರಗಿಸಿದ್ರು, ಸ್ಕ್ರೂ ಬರೇ ಬೆರಳಿಗೆ ತಿರಗಿತು. ವಯರ್ ಎಳದ್ರ ಅದರ ತುದಿ ಕಡ್ಡಿಪೆಟಗಿ ಕಡ್ಡಿ ಉರದ ಮ್ಯಾಲ ಹೆಂಗ ಇರ್ತದ ಹಂಗ ಮುರದು ಬಿತ್ತು. ಹಿಂದಿನ ಗ್ವಾಡಿ ಮ್ಯಾಲ ಕರಿ ಮಸಿ. ಆ ಗ್ವಾಡಿ ಇನ್ನೊಂದು ಮಗ್ಗಲಕ ಮಾವನವರ ಮಂಚ ಅದ. ನಾ ಅಲ್ಲೇ ನೆಲದ ಮ್ಯಾಲ ಕೂತ ಬಿಟ್ಟೆ.

ಸುಟ್ಟ ತುದಿ ಕತ್ತರಿಸಿ, ಲಗ್ ಹಾಕಿ ಒತ್ತಿ, ನ್ಯೂಟ್ರಲ್ ಪಟ್ಟಿ ಹೊಸಾದು ಕೂಡಿಸಿದ್ರು. ಮತ್ತ ಅಳದಾಗ ಮೀಟರ್ 224, ಪ್ಯಾನೆಲ್ 223. ಡಿಲೇ ಮೂರು ಸೆಕೆಂಡ್ ಇದ್ದದ್ದು ಹತ್ತು ಮಾಡ್ಯಾರ, 195 ಹಂಗ ಇಟ್ಟಾರ. ಸಿಸ್ಟರ್ ಹೇಳಿದಂಗ ಕಾನ್ಸಂಟ್ರೇಟರ್‌ಗೆ ಬ್ಯಾರೆ ಇನ್ವರ್ಟರ್ ಕೂಡಿಸೀವಿ, 150 ಎಎಚ್ ಬ್ಯಾಟರಿ, ಮೂರು ತಾಸಿನ ಸುಮಾರು ನಡೀತದ ಅಂದ್ರು, ಹಿಂಗಾಗಿ ಹತ್ತು ಸೆಕೆಂಡ್ ಅಂದ್ರ ಚಿಂತಿ ಇಲ್ಲ. ಎಲ್ಲಾ ಕೂಡಿ ಜೋಡಣಿ ಖರ್ಚು 1,400 ಆತು, ಇನ್ವರ್ಟರ್ ಬಿಟ್ಟು. ಅರ್ಥಿಂಗ್ ಅಳದ್ರು, ಛಲೋ ಅದ ಅಂದ್ರು.

ಸಿಸ್ಟರ್, ಹೊಗಿ ಪೈಪ್ ಕಿಟಕಿಯಿಂದ ಒಂಬತ್ತು ಫೂಟ್ ಅಷ್ಟ ಇತ್ತು, ಟೇಪ್ ಹಿಡದು ಅಳದೆ. ಫ್ಯಾಬ್ರಿಕೇಷನ್ ಅವರಿಗೆ ಹೇಳೀನಿ, ಕಂಪೌಂಡ್ ಮಗ್ಗಲಕ ಒಯ್ದು ತಾರಸಿ ಮ್ಯಾಲಿಂದ ಬಿಡ್ತೀನಿ ಅಂದಾರ. ಅಲ್ಲೀತನಾ ಆ ಕಿಟಕಿ ಮೊಳಿ ಹೊಡದು ಬಂದ್ ಮಾಡೀನಿ, ಮಾವನವರ ಮಂಚಾನೂ ಪಡಸಾಲಿಗೆ ತಂದೀನಿ.

5 ನೇ ತಾರೀಖಿಗೆ ನೀರು ಬಂತು. ಮುಂಜಾನೆ 6 ಕ್ಕ ಓಣಿ ತುಂಬಾ ಮೋಟರ್ ಸಪ್ಪಳ, ನಮ್ಮದೂ ಹಚ್ಚಿದೆ, ಗೀಸರ್ ಹಚ್ಚಿದೆ, ಲೈಟ್ ಜರಾ ಡಿಮ್ ಆತು. ನಾ ಹಿತ್ತಲ ಬಾಗಲದಾಗ ನಿಂತೆ. ಮುಕ್ಕಾಲ ತಾಸು ಟ್ಯಾಂಕಿ ತುಂಬಿ ಮ್ಯಾಲಿಂದ ನೀರು ಸುರೀತು, ಜನರೇಟರ್ ಉಸುರು ಬಿಡಲಿಲ್ಲ.

ಇನ್ನೊಂದು ಕೇಳೋದಿತ್ತು. ಐತವಾರ ಟೆಸ್ಟ್ ರನ್ ಖಾಲಿ ಓಡೋದ್ರಿಂದ ಇಂಜಿನ್‌ಗೆ ಏನೂ ಆಗಂಗಿಲ್ಲಲ್ರಿ?

ಬ್ಯಾಡಗಿ ಕೋಲ್ಡ್ ಸ್ಟೋರ್:

ಓದಿ ಮನಸ್ಸಿಗೆ ಹಗರ ಆತ್ರಿ ಅಕ್ಕಾರ. ಖಾಲಿ ಹನ್ನೆರಡು ನಿಮಿಷ ನಡೀತೈತಿ, ಆದ್ರ ಡೀಸೆಲ್ ಇಂಜಿನ್ ಯಾವಾಗ್ಲೂ ಖಾಲಿನ ಓಡಿದ್ರ ಬಿಸಿ ಸಾಲದ ಒಳಗ ಮಸಿ ಕೂಡ್ತೈತಿ, ಸೈಲೆನ್ಸರಿನಾಗ ಕರಿ ಎಣ್ಣಿ ಜಿನಗ್ತೈತಿ. ತಿಂಗಳಿಗೊಮ್ಮೆ ಐತವಾರ ಕೈಲೆ ಲೋಡ್ ಹಾಕಿ, ಗೀಸರ್ ಹಚ್ಚಿ ಅರ್ಧಾ ತಾಸು ಓಡಸ್ರಿ, ಕಡೀಕ ಐದು ನಿಮಿಷ ಲೋಡ್ ತಗದು ತಣ್ಣಗ ಮಾಡಿ ಬಂದ್ ಮಾಡ್ರಿ. ಮತ್ತ ನೀರಿನ ದಿನ ಲೈನ್ 206 ಬರೋದು ಉಳದ ಐತಿ, ನಿಮ್ಮನಿ ತಪ್ಪು ಅಲ್ಲ ಅದು, ಓಣಿಯವರು ನಾಕು ಮಂದಿ ಕೂಡಿ ಕರೆಂಟ್ ಕಂಪನಿ ಸಹಾಯವಾಣಿ 1912 ಕ್ಕ ಫೋನ್ ಹಚ್ಚಿ ಕಂಪ್ಲೇಂಟ್ ನಂಬರ್ ಬರ್ಕೊಳ್ರಿ. ಲೈನ್‌ಮನ್ ಕಂಬ ಹತ್ತೋಕಿಂತ ಮೊದಲ ಮನ್ಯಾಗ ಜನರೇಟರ್ ಐತಿ ಅಂತ ಅವರಿಗೆ ಹೇಳಿ, ಆಫ್ ಮಾಡಿ, ಬ್ಯಾಟರಿ ನೆಗೆಟಿವ್ ಬಿಚ್ಚಿ ತೋರಸ್ರಿ.